ಜೋಡು ಹೊರಗ ಅದ

ಕಾಕು ನನಗೆ ಮೊದಲ ಸಲ ಹೊಡೆದದ್ದು ಒಂದು ಪೆನ್‌ಡ್ರೈವ್‌ಗಾಗಿ. ಫೈಲುಗಳು ಇನ್ನೂ ಕಾಪಿ ಆಗುತ್ತಿರುವಾಗಲೇ ನಾನು ಅದನ್ನು ಕಂಪ್ಯೂಟರಿನಿಂದ ಎಳೆದು ತೆಗೆದಿದ್ದೆ. ಕೈಯ ಹಿಂಭಾಗಕ್ಕೆ ಸ್ಟೀಲ್ ಪಟ್ಟಿಯ ಏಟು ಬಿತ್ತು. "ಉಣ್ಣೋರ ಮುಂದಿನ ತಾಟು ಹಿಂಗ ಕಸ್ಕೋತಿಯೇನ ನೀ? ಅದು ಇನ್ನಾ ಬರ್ಯಾಕತ್ತದ," ಎಂದರು.

ಇದು ನನ್ನ ನೆನಪು. ಆ ದಿನದ ಡೈರಿ ತೆಗೆದು ನೋಡಿದರೆ "ಕಾಕು ಬೈದರು" ಎಂದಷ್ಟೇ ಇದೆ. ಹೊಡೆದಿದ್ದರೆ ಬರೆಯುತ್ತಿರಲಿಲ್ಲವೆ? ಅಥವಾ ಏಟು ತಿಂದದ್ದನ್ನು ಬರೆದಿಡಲು ಎಂ.ಎ. ಓದುವ ಹುಡುಗಿಗೆ ನಾಚಿಕೆಯಾಗಿತ್ತೆ? ಆ ಪಟ್ಟಿ ಬೇರೆಯವರ ಕೈಮೇಲೆ ಬಿದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಯಾರದೋ ಏಟನ್ನು ನನ್ನದೆಂದು ಇಟ್ಟುಕೊಂಡಿರಲೂಬಹುದು. ನೆನಪಿಗೂ ಡೈರಿಗೂ ಜಗಳ ಬಂದಾಗ ನಾನು ಇಷ್ಟು ದಿನ ಡೈರಿಯ ಕಡೆಗೇ ತೀರ್ಪು ಕೊಡುತ್ತಿದ್ದೆ. ಈಗ ಆ ಧೈರ್ಯವೂ ಇಲ್ಲ.

ಅವರು ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಶಹಾಬಜಾರದ ಒಂದು ಓಣಿಯಲ್ಲಿ, ಹಳೆಯ ಮನೆಯೊಂದರ ಮುಂದಿನ ಕೋಣೆಯಲ್ಲಿ ಅವರ ಅಂಗಡಿ. ಲಗ್ನದ ವಿಡಿಯೊ ತೆಗೆಯುವುದು, ಅದನ್ನು ಕತ್ತರಿಸಿ ಹಾಡು ಕೂಡಿಸಿ ಮಿಕ್ಸಿಂಗ್ ಮಾಡಿ ಕೊಡುವುದು ಅವರ ಕೆಲಸ. ಮನೆಯ ಮಾತು ಮರಾಠಿ, ಗಿರಾಕಿಗಳೊಂದಿಗೆ ಚೌಕಾಸಿ ಉರ್ದುವಿನಲ್ಲಿ, ಬೈಗುಳ ಮಾತ್ರ ಅಪ್ಪಟ ಕನ್ನಡದಲ್ಲಿ. ಮಹಾಗಾಂವದಿಂದ ದಿನಾಲೂ ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದ ನಾನು ಮಧ್ಯಾಹ್ನದ ಹೊತ್ತು ಅಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಲಗ್ನದ ಸೀಜನ್ನಿನಲ್ಲಿ ಕ್ಯಾಮೆರಾದ ಪಕ್ಕ ಲೈಟು ಹಿಡಿದು ಹೋಗುತ್ತಿದ್ದೆ.

ಕಳೆದ ತಿಂಗಳು ಕಾಕು ತೀರಿಕೊಂಡರು. ನನಗೆ ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆ ಮೈದುನನ ಪಾಲಾಗಿ, ಕಂಪ್ಯೂಟರುಗಳೆಲ್ಲ ಗುಜರಿಗೆ ಹೋಗಿದ್ದವು. ಆಮೇಲೆ ಕಮಲಾಪುರದಿಂದ ಜಗದೇವಿ ಫೋನ್ ಮಾಡಿದಳು. ಅವಳ ಗಂಡ ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಬಂಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾನೆ. ಹಿಂದೆ ಟೆಂಪೊ ಓಡಿಸುತ್ತಿದ್ದ. ಈಗ ಅವನ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಅವನು ಜೇಲಿನಲ್ಲಿರದೆ ಬಂಡಿಯ ಹಿಂದೆ ನಿಂತಿದ್ದರೆ ಅದಕ್ಕೆ ಕಾಕು ಕಾರಣ.

"ಅಕ್ಕಾರ, ಕಾಕುಂದು ಒಂದು ಫೋಟೊ ಇದ್ರ ಕೊಡ್ರಿ. ಬಂಡಿಗಿ ಹಚ್ಚಬೇಕಂತಾರ ಇವರು."

ಹುಡುಕುತ್ತೇನೆ ಎಂದೆ. ಹುಡುಕಲು ಕುಳಿತಾಗ ಹೊಳೆಯಿತು, ಅರ್ಧ ಜಿಲ್ಲೆಯ ಲಗ್ನಗಳು ನನ್ನ ಬಳಿ ಇವೆ, ಕಾಕು ಒಂದರಲ್ಲೂ ಇರಲಿಕ್ಕಿಲ್ಲ. ಕ್ಯಾಮೆರಾದ ಹಿಂದೆ ನಿಂತವರು ಎಲ್ಲಿ ಸಿಗುತ್ತಾರೆ? ತಮ್ಮ ಕಡೆ ಯಾರಾದರೂ ಮೊಬೈಲು ಎತ್ತಿದರೆ ಅದನ್ನು ಕಸಿದು ಸೋಫಾದ ಮೇಲೆ ಒಗೆಯುತ್ತಿದ್ದರು.

ಆ ಲಗ್ನಗಳು ನನ್ನ ಬಳಿ ಏಕಿವೆ ಎಂದು ಹೇಳಬೇಕು. ಏನೇ ಶೂಟಿಂಗ್ ಮಾಡಲಿ, ಕಾಕು ಅದನ್ನು ಕಂಪ್ಯೂಟರಿಗೆ ಹಾಕಿದ ದಿನವೇ ಇನ್ನೊಂದು ಪ್ರತಿ ಮಾಡುತ್ತಿದ್ದರು. ಮೊದಮೊದಲು ಡಿವಿಡಿಯಲ್ಲಿ, ಆಮೇಲೆ ಅಂಗೈಯಗಲದ ಹಾರ್ಡ್ ಡಿಸ್ಕಿನಲ್ಲಿ. ಆ ಪ್ರತಿಗೆ ಅವರ ಮಾತಿನಲ್ಲಿ "ಜೋಡು" ಎಂದು ಹೆಸರು. ಮನೆಯ ಮರಾಠಿಯ ಜೋಡಿಯೋ ಕನ್ನಡದ ಜೊತೆಯೋ ಅವರ ಬಾಯಲ್ಲಿ ಹೀಗಾಗಿತ್ತು. ನಮಗೆಲ್ಲ ಜೋಡು ಎಂದರೆ ಕಾಲಿಗೆ ಮೆಟ್ಟುವುದು. ಅದಕ್ಕೆ ಕಾಕು ಚಪ್ಪಲಿ ಎನ್ನುತ್ತಿದ್ದರು, ಜೋಡು ಎಂಬ ಮಾತು ಪ್ರತಿಗೇ ಮೀಸಲು. ಹೊಸ ಗಿರಾಕಿಗಳು ತಬ್ಬಿಬ್ಬಾಗುತ್ತಿದ್ದರು.

"ಹೆದರಬ್ಯಾಡ, ನಿನ್ನ ಮಗಳ ಲಗ್ನದ ಜೋಡು ಮಹಾಗಾಂವದಾಗ ಅದ."

"ನಮ್ಮ ಜೋಡು ಇಲ್ಲೇ ಬಾಗಲದಾಗ ಬಿಟ್ಟೀವಲ್ರೀ ಕಾಕು."

ಧೂಳು ಬೀಳುತ್ತದೆಂದು ಕೋಣೆಯೊಳಗೆ ಚಪ್ಪಲಿ ತರುವಂತಿರಲಿಲ್ಲ. ತಂದವರ ಚಪ್ಪಲಿ ಓಣಿಯ ಗಟಾರಕ್ಕೆ ಹಾರಿದ್ದನ್ನು ನೋಡಿದ್ದೇನೆ.

ಜೋಡು ಅಸಲಿನ ಜೊತೆ ಒಂದೇ ಸೂರಿನಡಿ ಇರಬಾರದೆಂಬುದು ಅವರ ನಿಯಮ. ಹಾಗಾಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಡಿಸ್ಕು ಊಟದ ಡಬ್ಬಿಯಲ್ಲಿ ಕುಳಿತು ನನ್ನ ಜೊತೆ ಊರಿಗೆ ಬಂದು ಅವ್ವನ ಟ್ರಂಕು ಸೇರುತ್ತಿತ್ತು. "ಮಂದಿ ಲಗ್ನ ಎಲ್ಲಾ ನಮ್ಮ ಟ್ರಂಕಿನ್ಯಾಗ ಬಂದು ಕುಂತಾವ, ನಿಂದು ಎಂದ ಬರ್ತದ?" ಎಂದು ಅವ್ವ ಚುಚ್ಚುತ್ತಿದ್ದಳು. ಒಮ್ಮೆ ನಾನು ಒಂದು ಡಿಸ್ಕು ಹಾಕಿ ನೋಡಲು ಹೋಗಿ ಕಾಕುವಿನಿಂದ ಬೈಸಿಕೊಂಡೆ. "ಜೋಡು ನೋಡೂದಕ್ಕಲ್ಲ, ಇಡೂದಕ್ಕ. ಮಂದಿ ಮನಿ ಮಾಲು ಅದು." ಅಂದಿನಿಂದ ನೋಡಲಿಲ್ಲ. ಈ ಒಂದು ವಿಷಯದಲ್ಲಿ ನಾನು ಅತಿ ವಿಧೇಯಳಾಗಿದ್ದೆ.

ಅಳಿಸುವುದರಲ್ಲಿಯೂ ಅವರಿಗೆ ಅಷ್ಟೇ ಹಟ. ಗಂಡನನ್ನು ಬಿಟ್ಟು ಬಂದಿದ್ದ ಹುಡುಗಿಯೊಬ್ಬಳು ತನ್ನ ಲಗ್ನವನ್ನು ಅಳಿಸಿಬಿಡಿ ಎಂದು ಕೇಳಿದಳು. ಕಾಕು ಕಂಪ್ಯೂಟರಿನಿಂದ ಅಳಿಸಿದರು. ನನ್ನನ್ನು ನಿಂತ ಕಾಲ ಮೇಲೆ ಮಹಾಗಾಂವಕ್ಕೆ ಓಡಿಸಿದರು. ನಾನು ತಂದ ಡಿವಿಡಿಯನ್ನು ನೆಲಕ್ಕಿಟ್ಟು ಹುಡುಗಿಯ ಕೈಗೆ ಸುತ್ತಿಗೆ ಕೊಟ್ಟರು. "ಅಳಸೂದಂದ್ರ ಎರಡೂ ಅಳಸೂದು. ಹೊಡಿ." ಹುಡುಗಿ ಮೊದಲು ಮೆಲ್ಲಗೆ ಕುಟ್ಟಿದಳು, ಆಮೇಲೆ ನಿಲ್ಲಿಸಲೇ ಇಲ್ಲ. ಚೂರು ಹಾರಿ ಕಾಕುವಿನ ಹುಬ್ಬಿಗೆ ತಾಗಿ ರಕ್ತ ಬಂತು. ಒರೆಸಿಕೊಳ್ಳದೆ, "ಇನ್ನಾ ಒಂದು ತುಂಡು ಉಳದದ ನೋಡು," ಎಂದರು. ಈ ದೃಶ್ಯ ನನಗೆ ಬಹಳ ಸ್ಪಷ್ಟವಾಗಿದೆ. ಸ್ಪಷ್ಟವಾದದ್ದನ್ನೆಲ್ಲ ಅನುಮಾನಿಸುವುದು ನನ್ನ ಈಚಿನ ಚಟ. ಇದೊಂದನ್ನು ಬಿಟ್ಟುಬಿಡುತ್ತೇನೆ.

ಈ ಜೋಡಿನ ಹುಚ್ಚು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಅಂಗಡಿಯನ್ನು ಮೊದಲು ತೆರೆದವನು ಗಂಡ, ಕುಡಿದು ಹೊಡೆಯುತ್ತಿದ್ದ, ಒಂದು ದಿನ ಕಂಪ್ಯೂಟರನ್ನೇ ಎತ್ತಿ ಒಗೆದು ಆ ಸೀಜನ್ನಿನ ಎಲ್ಲ ಲಗ್ನಗಳನ್ನು ಕೊಂದ ಎಂದರು. ಮಗಳ ಲಗ್ನ ಮುಗಿದ ವಾರದಲ್ಲೇ ತೀರಿಕೊಂಡ ಮುದುಕಿಯೊಬ್ಬಳ ಕೊನೆಯ ಚಿತ್ರ ಅದರಲ್ಲಿತ್ತಂತೆ. ಅವಳ ಮನೆಯವರು ಬಂದು ಬಾಗಿಲಲ್ಲಿ ಮಣ್ಣು ತೂರಿ ಹೋದರಂತೆ. ಕೆಲವು ತಿಂಗಳ ಮೇಲೆ ಅದೇ ಕತೆಯನ್ನು ಇನ್ನೊಂದು ರೀತಿ ಹೇಳಿದರು.

"ಮಷೀನ್ ಎತ್ತಿ ಒಗದಾಕಿ ನಾನ. ಅಂವ ಕುತ್ತಿಗಿ ಹಿಡದಿದ್ದ. ಕೈಯಾಗ ಸಿಕ್ಕಿದ್ದು ಅದ."

"ಹ್ವಾದ ಸಲ ಬ್ಯಾರೆ ಹೇಳಿದ್ರಿ."

"ಹ್ವಾದ ಸಲ ನೀ ಹೊಸಬಳಿದ್ದಿ."

ಗಂಡನ ಎಡಗಿವಿಗೆ ಪೆಟ್ಟಾಯಿತಂತೆ. ಅವನು ಆಸ್ಪತ್ರೆಯಿಂದ ಹಾಗೇ ಸೊಲ್ಲಾಪುರದ ಕಡೆ ಹೋದವನು ತಿರುಗಿ ಬರಲಿಲ್ಲ. ಕಾಕು ಅವನಿಗಾಗಿ ಮರುಗಿದ್ದನ್ನು ನಾನು ಕಾಣೆ. ಆ ಮುದುಕಿಯ ಮಾತು ಬಂದಾಗ ಮಾತ್ರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಈಗ ಕಮಲಾಪುರದ ಲಗ್ನ. ಮುಖ್ಯ ರಸ್ತೆಯಲ್ಲಿ ವರನ ಮೆರವಣಿಗೆ, ಸಂಜೆಯ ಹೊತ್ತು. ಮುಂದೆ ಬ್ಯಾಂಡು, ಎರಡೂ ಬದಿಗೆ ಕಬ್ಬಿಣದ ಸರಳಿಗೆ ಕಟ್ಟಿದ ದೀಪಗಳನ್ನು ಹೊತ್ತವರು, ಹಿಂದೆ ಜನರೇಟರಿನ ಗಾಡಿ. ಕಾಕು ವರನ ಮುಂದೆ ಹಿಮ್ಮುಖ ನಡೆಯುತ್ತ ಶೂಟಿಂಗ್ ಮಾಡುತ್ತಿದ್ದರು. ನನ್ನ ಲೈಟಿನ ವೈರು ಜನರೇಟರಿಗೆ ಕಟ್ಟಿದ್ದರಿಂದ ನಾನು ಹಿಂದೆ ಉಳಿದಿದ್ದೆ. ಎದುರಿನಿಂದ ಬಾಳೆಗೊನೆ ತುಂಬಿದ ಒಂದು ಟೆಂಪೊ ಬಂದು ನಿಂತಿತು. ಒಂದು ಸಲ ಹಾರ್ನ್ ಕೇಳಿಸಿತು. ಆಮೇಲೆ ಬ್ಯಾಂಡು ನಿಂತಿತು, ನನ್ನ ಲೈಟು ಆರಿತು, ಜನ ನನ್ನನ್ನು ಗಾಡಿಗೆ ಒತ್ತಿದರು. ಮುಂದಿನದನ್ನು ನಾನು ಕಿವಿಯಿಂದ ಬಲ್ಲೆ. ಕಬ್ಬಿಣ ತಗಡಿಗೆ ಬಡಿಯುವ ಸದ್ದು, ಆಮೇಲೆ ತಗಡಲ್ಲದ ಯಾವುದಕ್ಕೋ ಬಡಿಯುವ ಸದ್ದು. ಒಬ್ಬ ಗಂಡಸು "ಯಪ್ಪಾ, ಬಿಡ್ರೀ, ಯಪ್ಪಾ" ಎನ್ನುತ್ತಿದ್ದ. ಆ ಮಾತು ಸಣ್ಣದಾಗುತ್ತ ಹೋಗಿ ನಿಂತಿತು.

ಗುಂಪು ಚದುರಿದ ಮೇಲೆ ರಸ್ತೆಯ ತುಂಬ ಕೆಂಪು ಬಾಳೆಹಣ್ಣು, ತುಳಿದು ಮೆತ್ತಗಾಗಿ ಅಂಟಿಕೊಂಡಿದ್ದವು. ಡ್ರೈವರ ಟೆಂಪೊದ ಗಾಲಿಯ ಹತ್ತಿರ ಬಿದ್ದಿದ್ದ. ಅವನ ತೋಳು ಮಡಚಬಾರದ ಕಡೆ ಮಡಚಿತ್ತು. ಕಾಕು ಕ್ಯಾಮೆರಾ ಎದೆಗೊತ್ತಿಕೊಂಡು ಬಂದರು. ಕೆಳತುಟಿ ಒಡೆದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಲೈಟಿನ ಸರಳು ಬಡೀತು. ಚಪ್ಪಲಿ ಗದ್ದಲದಾಗ ಹ್ವಾದ್ವು. ನಡಿ," ಎಂದರು. ಅದೇ ರಾತ್ರಿ ಅಂಗಡಿಯಲ್ಲಿ ಜೋಡು ಮಾಡಿದರು. ಮರುದಿನ ಅದು ಅವ್ವನ ಟ್ರಂಕು ಸೇರಿತು.

ಡೈರಿಯಲ್ಲಿ ಬರೆದಿದ್ದೇನೆ: "ಒಬ್ಬನನ್ನು ಸಾಯಬಡಿಯುತ್ತಿದ್ದರೆ ಕಾಕು ಶೂಟಿಂಗ್ ಮಾಡುತ್ತ ನಿಂತಿದ್ದರು."

ಡ್ರೈವರನಿಗೆ ತಲೆಯ ಏಟಿನಿಂದ ಆ ಸಂಜೆಯ ನೆನಪೇ ಅಳಿಸಿಹೋಗಿತ್ತು. ಅವನು ಆಸ್ಪತ್ರೆಯಲ್ಲಿರುವಾಗಲೇ ವರನ ಕಡೆಯ ಬೀಗರು ಅವನ ಮೇಲೆ ದೂರು ಕೊಟ್ಟರು. ಕುಡಿದು ಮೆರವಣಿಗೆಯ ಮೇಲೆ ಟೆಂಪೊ ನುಗ್ಗಿಸಿದ, ಜನ ಜೀವ ಉಳಿಸಿಕೊಳ್ಳಲು ತಡೆದರು ಎಂದು. ಸಾಕ್ಷಿ ಹೇಳಲು ಅವರ ಕಡೆಯ ಊರೇ ಇತ್ತು. ಅವನ ಹೆಂಡತಿ ಜಗದೇವಿ ಅಂಗಡಿಗೆ ಬಂದು ಬಾಗಿಲಲ್ಲೇ ಕುಳಿತಳು. "ಟೆಂಪೊ ನಿಂತಿತ್ತಲ್ರೀ ಕಾಕು? ನೀವು ನೋಡೀರಲ್ರೀ?" ಕಾಕು ಅವಳಿಗೆ ಚಹಾ ಕೊಟ್ಟರು. "ನಾ ನೋಡಿದ್ದು ಯಾರಿಗಿ ಬೇಕು? ಕ್ಯಾಮೆರಾ ನೋಡ್ಯದ. ವಕೀಲನ್ನ ಹಿಡಿ, ಆಮ್ಯಾಲ ಬಾ."

ಅವಳು ಮತ್ತೆ ಬರುವುದಕ್ಕಿಂತ ಮುಂಚೆ ವರನ ಸೋದರಮಾವ ಬಂದ. ಜೊತೆಗೆ ಇಬ್ಬರು. ಬಿಸಿಲಿನ ಹೊತ್ತು, ಓಣಿಯಲ್ಲಿ ಯಾರೂ ಇರಲಿಲ್ಲ. ಬೂಟುಗಾಲಲ್ಲೇ ಒಳಗೆ ಬಂದು ಶಟರನ್ನು ಅರ್ಧ ಎಳೆದರು. ನಾನು ಗೋಡೆಯ ಬದಿ ಟೈಪಿಂಗ್ ಮಾಡುತ್ತಿದ್ದೆ.

"ನಮ್ಮ ಲಗ್ನದ ಶೂಟಿಂಗ್ ಕೊಡು," ಎಂದ ಮಾವ.

"ಮಿಕ್ಸಿಂಗ್ ಆಗಿಲ್ಲ."

"ಮಿಕ್ಸಿಂಗ್ ಯಾರಿಗಿ ಬೇಕಾಗ್ಯದ? ಇದ್ದಿದ್ದೆಲ್ಲಾ ಕೊಡು."

ಕಾಕು ನನ್ನ ಕಡೆ ನೋಡದೆ, "ಏ ಹುಡುಗಿ, ನಿನ್ನ ಪ್ರಿಂಟ್ ನಾಳಿಗಿ ಸಿಗ್ತದ, ಹೋಗು," ಎಂದರು. ನಾನು ಗಿರಾಕಿಯಾದೆ. ಶಟರಿನ ಬಳಿ ನಿಂತವನು ನನ್ನನ್ನು ಬಿಡಲಿಲ್ಲ.

ಕಾಕು ಕ್ಯಾಮೆರಾದ ಕಾರ್ಡು ಕೊಟ್ಟರು. ಒಬ್ಬ ಅದನ್ನು ಹಲ್ಲಿಗಿಟ್ಟು ಮುರಿದ. ಕಂಪ್ಯೂಟರಿನಿಂದ ಅಳಿಸು ಎಂದರು. ಅಳಿಸಿದರು. ಅವರಿಗೆ ನಂಬಿಕೆ ಬರಲಿಲ್ಲ. ಒಬ್ಬ ಮಾನಿಟರನ್ನು ಒದ್ದು ಕೆಡವಿದ, ಸಿಪಿಯುವನ್ನು ನೆಲಕ್ಕೆ ಹಾಕಿ ತುಳಿದ. ಕಾಕು ಅವನ ಮುಂಗೈ ಕಚ್ಚಿದರು, ಕಚ್ಚಿದ್ದನ್ನು ಬಿಡಲೇ ಇಲ್ಲ. ಅವನು ಕೂದಲು ಹಿಡಿದು ಅವರ ತಲೆಯನ್ನು ಟೇಬಲ್ಲಿಗೆ ಬಡಿದ ಮೇಲೆ ಬಾಯಿ ಬಿಟ್ಟಿತು. ಮಾವ ಅವರ ಬಲಗೈಯನ್ನು ಟೇಬಲ್ಲಿನ ಮೇಲೆ ಒತ್ತಿ ಹಿಡಿದು, ಕರೆಂಟು ಏರಿಳಿದರೆ ಕಾಯುವ ಆ ಭಾರದ ಸ್ಟೆಬಿಲೈಸರನ್ನು ಎತ್ತಿ ಬೆರಳುಗಳ ಮೇಲೆ ಕುಕ್ಕಿದ. ಆ ಸದ್ದನ್ನು ನಾನು ಬರೆಯಲಾರೆ. ಕಾಕುವಿನ ಬಾಯಿಂದ ಬೈಗುಳ ಕೂಡ ಬರಲಿಲ್ಲ.

"ಮತ್ತೆಲ್ಲೆರ ಇಟ್ಟೀಯೇನು? ಖರೇ ಹೇಳು."

ಕಾಕು ತಲೆ ಎತ್ತಿದರು. "ಜೋಡು ಹೊರಗ ಅದ," ಎಂದರು.

ಸತ್ಯವನ್ನೇ ಹೇಳಿಬಿಟ್ಟಿದ್ದರು. ಆದರೆ ಮಾವನ ಮುಖ ನೋಡನೋಡುತ್ತ ಬೇರೆಯಾಯಿತು. ಶಟರಿನ ಕೆಳಗೆ ಬಗ್ಗಿ ಹೊರಗೆ ಹೋದ, ಬಾಗಿಲಲ್ಲಿದ್ದ ಕಾಕುವಿನ ಹೊಸ ಚಪ್ಪಲಿ ಎತ್ತಿಕೊಂಡು ಬಂದ, ಅದರಿಂದ ಅವರ ಮುಖಕ್ಕೆ ಹೊಡೆದ.

"ಇನ್ನೊಮ್ಮಿ ಜೋಡು ಅನ್ನು. ಅನ್ನು."

"ಜೋಡು ಹೊರಗ ಅದ."

ಮತ್ತೆ ಹೊಡೆದ. ಕಾಕು ಮತ್ತೆ ಅದನ್ನೇ ಅಂದರು. ಅವನು ಹೊಡೆಯುತ್ತ ಹೋದ, ಅವರು ಅನ್ನುತ್ತ ಹೋದರು. ಕೊನೆಗೆ ಜೊತೆಗೆ ಬಂದವರೇ, "ಸಾಕು ನಡಿ ಮಾಮಾ, ಸತ್ತಗಿತ್ತಾಳ," ಎಂದು ಅವನನ್ನು ಎಳೆದುಕೊಂಡು ಹೋದರು. ಇನ್ನೊಂದು ಪ್ರತಿ ಎಲ್ಲಿದೆ ಎಂದು ಆಮೇಲೆ ಯಾರೂ ಕೇಳಲಿಲ್ಲ. ಆ ಮಾತು ಆ ಸಿಟ್ಟಿನಲ್ಲಿ ಕೊಚ್ಚಿಹೋಗಿತ್ತು.

ಅಡಗಿಸಿದ ಇನ್ನೊಂದು ಕಾರ್ಡು ಚಪ್ಪಲಿಯಲ್ಲಿದೆ ಎಂದು ತಿಳಿದು ಮಾವ ಹೊರಗೆ ಓಡಿದ, ಏನೂ ಸಿಗದೆ ರೇಗಿದ ಎಂದು ನಾನು ಅರ್ಥ ಮಾಡಿಕೊಂಡೆ. ಅವನು ಚಪ್ಪಲಿಯನ್ನು ತಿರುಗಿಸಿ ಸಹ ನೋಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡ ಮರುದಿನವೇ ಕಾಕು ನನ್ನೊಂದಿಗೆ ಮಹಾಗಾಂವದ ಬಸ್ಸು ಹತ್ತಿದರು. ಅವ್ವ ಅವರ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಕು ಟ್ರಂಕಿನ ಮುಂದೆ ಕುಳಿತು, "ಅಕ್ಕಾ, ಮಂದಿ ಲಗ್ನ ಕಾಯ್ದಿ, ಪುಣ್ಯಾ ಬಂತು," ಎಂದರು. ಡಿಸ್ಕನ್ನು ನೇರ ವಕೀಲರಿಗೆ ಕೊಡಲಿಲ್ಲ. ಗುರುತಿನವರ ಕಂಪ್ಯೂಟರಿನಲ್ಲಿ ಎಡಗೈಯಿಂದ ಇನ್ನೊಂದು ಜೋಡು ಮಾಡಿ, ಒಂದನ್ನು ಮತ್ತೆ ಟ್ರಂಕಿಗೆ ಕಳಿಸಿದ ಮೇಲೆಯೇ ಇನ್ನೊಂದನ್ನು ಕೊಟ್ಟರು. ಠಾಣೆಯ ಒಳಕೋಣೆಯಲ್ಲಿ ವಕೀಲರೂ ಪೊಲೀಸರೂ ಅದನ್ನು ನೋಡುವಾಗ ನಾನೂ ಜಗದೇವಿಯೂ ಹೊರಗೆ ಬೆಂಚಿನ ಮೇಲಿದ್ದೆವು. ಟೆಂಪೊ ನಿಂತೇ ಇತ್ತು ಎಂಬುದು ಅದರಲ್ಲಿ ಕಂಡಿತು. ಡ್ರೈವರನ ಮೇಲಿನ ಕೇಸು ಬಿದ್ದುಹೋಯಿತು. ಹೊಡೆದವರ ಮೇಲಿನದು ಇನ್ನೂ ನಡೆದಿದೆ.

ಕಾಕುವಿನ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಎಡಗೈಯಲ್ಲಿ ಮೌಸು ಹಿಡಿಯಲು ಕಲಿತರು, ಎಡಗೈಯಲ್ಲಿ ಸ್ಟೀಲ್ ಪಟ್ಟಿ ಬೀಸಲೂ ಕಲಿತರು. ನಾನು ಕಮಲಾಪುರದ ಕಾಲೇಜಿಗೆ ಕೆಲಸಕ್ಕೆ ಸೇರುವ ಮುಂಚೆ ಒಂದು ದಿನ, ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

"ಅವನ್ನ ಹಂಗ ಬಡ್ಯಾಕತ್ತಾಗ ನೀವು ಶೂಟಿಂಗ್ ಮಾಡಕೋತ ಹೆಂಗ ನಿಂತ್ರಿ ಕಾಕು?"

ಅವರು ಮೌಸು ಬಿಟ್ಟು ನನ್ನ ಕಡೆ ತಿರುಗಿದರು. ಹೊಡೆಯುತ್ತಾರೆಂದು ನಾನು ಕೈ ಹಿಂದೆ ಸರಿಸಿಕೊಂಡೆ.

"ಜೋಡು ಅದಲ್ಲ ನಿನ್ನ ಕಡಿ," ಎಂದು ಮಾನಿಟರಿನ ಕಡೆ ತಿರುಗಿದರು.

ಅಂದರೆ ನೋಡು ಎಂದರೋ, ಸುಮ್ಮನಿರು ಎಂದರೋ? ನಾನು ಎರಡನೆಯದನ್ನು ಆರಿಸಿಕೊಂಡೆ. ಅವರದೇ ನಿಯಮ, ಜೋಡು ನೋಡುವುದಕ್ಕಲ್ಲ.

ಫೋಟೊ ಸಿಗದೆ ಬೇಸತ್ತು ಮೊನ್ನೆ ಕಮಲಾಪುರದ ಲಗ್ನದ ಡಿಸ್ಕನ್ನು ಹಚ್ಚಿದೆ. ಅಸಲು ಈಗ ಎಲ್ಲಿಯೂ ಇಲ್ಲ, ಕೋರ್ಟಿನಲ್ಲಿ ಸಿಕ್ಕಿಕೊಂಡದ್ದನ್ನು ಬಿಟ್ಟರೆ ನನ್ನಲ್ಲಿರುವ ಜೋಡು ಒಂಟಿಯಾಗಿದೆ. ಬ್ಯಾಂಡು, ವರನ ಬಾಸಿಂಗ, ನಿಂತ ಟೆಂಪೊ. ಬಾಗಿಲು ತೆರೆದು ಡ್ರೈವರನನ್ನು ಎಳೆಯುತ್ತಾರೆ. ದೀಪದ ಸರಳು ಮೇಲೇಳುತ್ತದೆ, ಇಳಿಯುತ್ತದೆ, ಎರಡನೆಯ ಸಲ ಏಳುತ್ತದೆ. ಅಷ್ಟರಲ್ಲಿ ಚಿತ್ರ ವಾಲುತ್ತದೆ. ಆಕಾಶ, ಬ್ಯಾಂಡಿನವನ ಟೊಪ್ಪಿಗೆ, ಡಾಂಬರು. ಕಾಕು ಕ್ಯಾಮೆರಾವನ್ನು ನೆಲಕ್ಕಿಟ್ಟಿದ್ದಾರೆ. ಕ್ಯಾಮೆರಾ ನೆಲ ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ ಕಾಕು. ಚಿತ್ರದಲ್ಲಿ ಈಗ ಬರೀ ಕಾಲುಗಳು, ಬಾಳೆಹಣ್ಣು. ಒಂದು ಜೊತೆ ಹೆಂಗಸಿನ ಕಾಲು ಓಡುತ್ತ ಬಂದು ಚಪ್ಪಲಿ ಕಳಚುತ್ತದೆ. ಒಂದು ಕೈ ಕೆಳಗಿಳಿದು ಒಂದನ್ನು ಎತ್ತಿಕೊಳ್ಳುತ್ತದೆ. ದೂರ ಹೋಗುತ್ತಿದ್ದಂತೆ ಬೆನ್ನು ಕಾಣುತ್ತದೆ, ಕಚ್ಚೆಯಂತೆ ಎತ್ತಿ ಸಿಕ್ಕಿಸಿದ ಸೀರೆ ಕಾಣುತ್ತದೆ. ಕಾಕು ವರನ ಸೋದರಮಾವನ ಮುಖಕ್ಕೆ ಚಪ್ಪಲಿಯಿಂದ ಹೊಡೆಯುತ್ತಾರೆ, ಇಡೀ ಬೀಗರ ಮುಂದೆ, ಮತ್ತೆ ಮತ್ತೆ. ಯಾರೋ ಅವರ ಬಾಯಿಗೆ ಗುದ್ದುತ್ತಾರೆ. ಅವರು ಬಿದ್ದವನ ಮೇಲೆ ಬೋರಲು ಬೀಳುತ್ತಾರೆ, ಸರಳು ಅವರ ಬೆನ್ನಿಗೆ ಇಳಿಯುತ್ತದೆ.

ನಾನು ಅದನ್ನು ಅಲ್ಲಿ ನಿಲ್ಲಿಸಿ ಡೈರಿ ತೆಗೆದೆ. "ಶೂಟಿಂಗ್ ಮಾಡುತ್ತ ನಿಂತಿದ್ದರು." ನನ್ನ ಅಕ್ಷರವೇ. ಕಣ್ಣಾರೆ ಕಂಡವಳ ಹಾಗೆ ಬರೆದಿದ್ದೇನೆ.

ಅಂಗಡಿಯಲ್ಲಿ ಮಾವನ ಕಿವಿಗೆ ಬಿದ್ದದ್ದು ಅಡಗಿಸಿಟ್ಟ ಜಾಗವಲ್ಲ. ನಿನಗೆ ಬಿದ್ದ ಚಪ್ಪಲಿ ಹೊರಗೆ ಇನ್ನೂ ಇದೆ ಎಂಬುದು ಅವನಿಗೆ ಕೇಳಿಸಿತು. ಇನ್ನೊಮ್ಮಿ ಅನ್ನು ಎಂದದ್ದು ಅದಕ್ಕೆ. ಕಾಕು ಹೇಳಿದ್ದು ಸತ್ಯವನ್ನೋ, ಅಣಕವನ್ನೋ, ಅವನನ್ನು ಕೆರಳಿಸಿ ದಾರಿ ತಪ್ಪಿಸಲೆಂದೋ? ಬೆರಳು ಜಜ್ಜಿದ ಹೊತ್ತಿನಲ್ಲಿ ಒಬ್ಬರು ಇಷ್ಟೆಲ್ಲ ಯೋಚಿಸಬಲ್ಲರೆ? ನನಗೆ ತಿಳಿಯದು. ಇದಕ್ಕೆ ಡಿಸ್ಕಿನಲ್ಲೂ ಉತ್ತರವಿಲ್ಲ.

ವಿಡಿಯೊದ ಕೊನೆಯಲ್ಲಿ ಒಂದು ನೆರಳು ಬಂದು ಕ್ಯಾಮೆರಾ ಎತ್ತಿಕೊಳ್ಳುತ್ತದೆ. ಸೆರಗು ಗಾಜನ್ನು ಒರೆಸುತ್ತದೆ. ಆಮೇಲೆ ಮುಖ. ಇನ್ನೂ ಓಡುತ್ತಿದೆಯೇ ಎಂದು ಕಾಕು ಗಾಜಿನೊಳಗೆ ಇಣುಕುತ್ತಾರೆ. ಕೆದರಿದ ಕೂದಲು, ಒಡೆದ ತುಟಿ, ಕಣ್ಣಿನಲ್ಲಿ ನಾನು ದಿನಾಲೂ ಕಂಡ ಅದೇ ಸಿಟ್ಟು. ಅವರ ಇನ್ನೊಂದು ಚಿತ್ರ ನನ್ನಲ್ಲಿಲ್ಲ. ಅಷ್ಟನ್ನು ತೆಗೆದು ಸೂಪರ್ ಮಾರ್ಕೆಟಿನ ಒಂದು ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿದೆ.

ನಿನ್ನೆ ಕಾಲೇಜು ಬಿಟ್ಟ ಮೇಲೆ ಬಂಡಿಯ ಹತ್ತಿರ ಹೋದೆ. ಜಗದೇವಿ ಫೋಟೊ ನೋಡಿ ಮುಖ ಸಣ್ಣ ಮಾಡಿದಳು.

"ತುಟಿ ಒಡದದಲ್ರೀ ಅಕ್ಕಾರ. ನಗೂದು ಒಂದೂ ಇಲ್ಲೇನ್ರಿ?"

"ಇದೊಂದ ಅದ."

ಅವಳ ಗಂಡ ಕೇಳಿದ, "ಇದು ಎಂದಿಂದ್ರೀ?"

"ನಿಮ್ಮನ್ನ ಬಡದ ದಿನದ್ದು. ನಿಮ್ಮ ಮ್ಯಾಲ ಬಿದ್ದು ಏಟು ತಿಂದು ಎದ್ದ ಮ್ಯಾಲಿಂದು."

ಅವನು ಫೋಟೊವನ್ನು ಹಣ್ಣಿನ ಮೇಲಿಟ್ಟ. ಎಡಗೈಯಿಂದ ಬಲ ತೋಳನ್ನು ಒಮ್ಮೆ ಮುಟ್ಟಿಕೊಂಡ. ಆಮೇಲೆ ಗೊನೆ ತೂಗುಹಾಕುವ ಮೊಳೆಗೆ ಫೋಟೊ ಸಿಕ್ಕಿಸಿ, ಸರಿಯಾಗಿ ಕೂತಿತೇ ಎಂದು ಹಿಂದೆ ಸರಿದು ನೋಡಿದ.

"ಇದರ ಜೋಡು ಇಟ್ಟೀರಿಲ್ರೀ ಅಕ್ಕಾರ?"

"ಇಟ್ಟೀನಿ," ಎಂದೆ. "ಹೊರಗ ಅದ."

ಅವನು ಒಂದು ಗಳಿಗೆ ನನ್ನ ಕಾಲಿನ ಚಪ್ಪಲಿಯ ಕಡೆ ನೋಡಿದ.